ಅಪ್‌ಡೇಟ್: ಮನೋರೋಗ ವಾರ್ಡಿನ ಶಿಫ್ಟ್ ಹಸ್ತಾಂತರ

ಶಿವಮೊಗ್ಗದ ಮನೋರೋಗ ವಾರ್ಡೊಂದರಲ್ಲಿ ನರ್ಸ್ ನಾನು. ರಾತ್ರಿ ಪಾಳಿಯವರು 'ಎಲ್ಲಾ ಆರಾಮ್, ಚೆನ್ನಾಗಿ ಮಲಗಿದ್ರು' ಅಂತಷ್ಟೇ ಹೇಳಿ ಭದ್ರಾವತಿ ಬಸ್ಸಿಗೆ ಓಡ್ತಾರೆ, ಏನು ಮಾಡೋದು ಅಂತ ಇಲ್ಲಿ ನಿಮ್ಮನ್ನೆಲ್ಲಾ ಕೇಳಿದ್ದೆ. ಎಸ್‌ಬಿಎಆರ್ ಅನ್ನೋ ನಾಲ್ಕು ಭಾಗದ ವರದಿ ಕ್ರಮ ಬಳಸಿ ಅಂದಿದ್ರಿ: ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಮುಂದೇನು.

ಬಳಸ್ತಿದೀವಿ. ಹಿನ್ನೆಲೆ ಕೇಸ್ ಶೀಟಲ್ಲೇ ಇರುತ್ತಲ್ಲ, ಅದನ್ನ ಒಂದು ಸಾಲಿಗೆ ಇಳಿಸಿದ್ವಿ. ನಿಜಕ್ಕೂ ಬದಲಾಗಿದ್ದು ಮಾತು. 'ಗಲಾಟೆ ಮಾಡಿದ' ಅನ್ನೋ ಹಾಗಿಲ್ಲ. ಏನು ಮಾಡಿದ, ಅದಕ್ಕೆ ಮುಂಚೆ ಏನಾಗಿತ್ತು, ಏನು ಮಾಡಿದ್ಮೇಲೆ ಶಾಂತನಾದ, ಅಷ್ಟನ್ನೂ ಹೇಳ್ಬೇಕು. ರೋಗಿನ ಕಟ್ಟಿಹಾಕಿದ್ದರೆ ಕಾರಣ ಮತ್ತು ಎಷ್ಟು ಹೊತ್ತು ಅನ್ನೋದೂ ಸೇರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಗೂ ಅದರ ದಾಖಲೆ ಕೇಳುತ್ತೆ.

ಮೊನ್ನೆ ರಾತ್ರಿ ಪಾಳಿಯವರು ಲಿಥಿಯಂ (ಮನಸ್ಥಿತಿಯ ಏರುಪೇರಿಗೆ ಕೊಡೋ ಔಷಧಿ) ತಗೊಳ್ಳೋ ಒಬ್ಬರ ಬಗ್ಗೆ 'ಕೈ ನಡುಕ ನಿನ್ನೆಗಿಂತ ಜಾಸ್ತಿ, ರಾತ್ರಿ ಭೇದಿ, ನೀರೂ ಸೇರ್ತಿಲ್ಲ' ಅಂದ್ರು. ಮೊದಲಾಗಿದ್ರೆ 'ಊಟ ಬಿಟ್ರು' ಅನ್ನೋದ್ರಲ್ಲೇ ಮುಗೀತಿತ್ತು. ಮೈಯಲ್ಲಿ ನೀರು ಕಡಿಮೆಯಾದ್ರೆ ಲಿಥಿಯಂ ರಕ್ತದಲ್ಲಿ ಏರುತ್ತೆ, ಜಾಸ್ತಿಯಾದ್ರೆ ವಿಷವಾಗುತ್ತೆ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಬೆಳಗಿನ ಮಾತ್ರೆ ತಡೆದು ರಕ್ತ ಕಳಿಸಿದ್ವಿ. ಮಟ್ಟ ಏರಿತ್ತು.

ಹಾಸಿಗೆ ಪಕ್ಕದಲ್ಲೇ ಹಸ್ತಾಂತರ ಮಾಡಿ ಅನ್ನೋ ಸಲಹೆ ಅರ್ಧ ಮಾತ್ರ ಒಪ್ಪಿಗೆಯಾಯ್ತು. ಇಬ್ಬರೂ ಹೋಗಿ ರೋಗಿನ ಮಾತಾಡಿಸ್ತೀವಿ, ಆದ್ರೆ ಆತ್ಮಹತ್ಯೆ ಯೋಚನೆ, ನಿಗಾ ವಿಚಾರ ಎಲ್ಲಾ ನರ್ಸ್ ಕೋಣೆಯಲ್ಲೇ. ಪಕ್ಕದ ಮಂಚದವರು ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತಾರೆ, ನಮ್ಮೂರು ಕೇಳ್ಬೇಕಾ!

ಕ್ಲೋಜಪಿನ್ (ಸ್ಕಿಜೋಫ್ರೇನಿಯಾಗೆ ಕೊಡೋ ಔಷಧಿ, ಕರುಳಿನ ಚಲನೆ ನಿಧಾನ ಮಾಡುತ್ತೆ) ಇರೋರಿಗೆ ಮಲಬದ್ಧತೆ ಇದೆಯಾ ಕೇಳಿ ಅಂದ ಪುಣ್ಯಾತ್ಮರಿಗೆ ಥ್ಯಾಂಕ್ಸ್. ಹಸ್ತಾಂತರದ ಫಾರಂಗೆ ಸೇರಿಸಿದೀವಿ.