ಪದಚರ್ಚೆ: ಕಾರ್ಬನ್ ‘ಅಲೋಯನ್ಸ್’, ‘ಕ್ರೆಡಿಟ್’, ‘ಆಫ್‌ಸೆಟ್’ – ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಹವಾಮಾನ ನೀತಿಯ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಅಲೋಯನ್ಸ್, ಕ್ರೆಡಿಟ್, ಆಫ್‌ಸೆಟ್ ಈ ಮೂರಕ್ಕೆ ಕರಡಿನಲ್ಲಿ ಈಗ ‘ಇಂಗಾಲ ಭತ್ಯೆ’, ‘ಇಂಗಾಲ ಸಾಲ’, ‘ಇಂಗಾಲ ಸರಿದೂಗಿಕೆ’ ಎಂದಿದೆ. ಗೊಂದಲವೇ ಬೇಡವೆಂದು ಮೂರಕ್ಕೂ ‘ಇಂಗಾಲ ಪತ್ರ’ ಅಂದುಬಿಡಬಹುದೇ? ‘ಲೀಕೇಜ್’ಗೆ ‘ಸೋರಿಕೆ’ ಸಾಕೇ? ಬಲ್ಲವರು ತಿಳಿಸಿ.

ಉತ್ತರ: ಒಂದೇ ಪದ ಬೇಡ ಮೇಡಂ, ಕೈಪಿಡಿ ಅಲ್ಲೇ ಕೆಟ್ಟುಹೋಗುತ್ತದೆ. ಅಲೋಯನ್ಸ್ ಹೊಗೆ ಬಿಡುವುದಕ್ಕೆ ಮೊದಲೇ ಹುಟ್ಟುವ ಕಾಗದ. ಕ್ರೆಡಿಟ್ ಹುಟ್ಟುವುದು ಹೊಗೆ ಕಡಿಮೆಯಾಯಿತೆಂದು ತಪಾಸಣೆಯಾದ ಮೇಲೆ. ಪದ ಆರಿಸುವಾಗ ಈ ಹಿಂದುಮುಂದು ಓದುವವರಿಗೆ ಕಾಣಬೇಕು.

‘ಭತ್ಯೆ’ ಅಂದೊಡನೆ ತುಟ್ಟಿಭತ್ಯೆ ನೆನಪಾಗಿ, ಸರ್ಕಾರ ಕಾರ್ಖಾನೆಗಳಿಗೆ ದುಡ್ಡು ಹಂಚುತ್ತಿದೆ ಅಂದುಕೊಳ್ಳುತ್ತಾರೆ. 2005ರಲ್ಲಿ ಶುರುವಾದ ಯುರೋಪಿನ ಹೊರಸೂಸು ವ್ಯಾಪಾರ ವ್ಯವಸ್ಥೆಯಲ್ಲಿ ಒಂದು ಅಲೋಯನ್ಸ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಸಮಾನ ಹೊರಸೂಸಲು ಅನುಮತಿ. ‘ಹೊರಸೂಸು ಪರವಾನಗಿ’ ಅನ್ನಿ, ಸಾಕು. ಒಂದು ಕಾರ್ಖಾನೆ ವರ್ಷಕ್ಕೆ 1,00,000 ಟನ್ ಉಗುಳಿತು, 70,000 ಪರವಾನಗಿ ಪುಕ್ಕಟೆ ಸಿಕ್ಕಿತ್ತು ಅನ್ನೋಣ. ಮಿಕ್ಕ 30,000ವನ್ನು ಹರಾಜಿನಲ್ಲೋ ಸಂತೆಯಲ್ಲೋ ಕೊಂಡು, ಮರುವರ್ಷದ ಸೆಪ್ಟೆಂಬರ್ 30ರೊಳಗೆ ಒಟ್ಟು 1,00,000 ಪರವಾನಗಿಯನ್ನೂ ‘ಸರೆಂಡರ್’ ಮಾಡಬೇಕು. ಇದನ್ನು ‘ಶರಣಾಗತಿ’ ಎಂದು ಬರೆದಿದ್ದರೆ ಈಗಲೇ ಅಳಿಸಿ, ‘ಒಪ್ಪಿಸುವುದು’ ಮಾಡಿ. ಒಪ್ಪಿಸದಿದ್ದರೆ ಟನ್ನಿಗೆ 100 ಯುರೋ, ಅದೂ ಬೆಲೆಯೇರಿಕೆಯ ಜತೆ ಏರುವ ದಂಡ. ದಂಡ ಕಟ್ಟಿದರೂ ಬಾಕಿ ತೀರದು, ಪರವಾನಗಿ ಒಪ್ಪಿಸಲೇಬೇಕು. ಹಾಗಾಗಿ ಅದನ್ನು ‘ಶುಲ್ಕ’ ಅನ್ನುವಂತಿಲ್ಲ.

‘ಬ್ಯಾಂಕಿಂಗ್’ ಎಂಬ ಮಾತೂ ಬಂದಿರುತ್ತದೆ ನೋಡಿ. ಅದಕ್ಕೂ ಬ್ಯಾಂಕಿಗೂ ಸಂಬಂಧವಿಲ್ಲ, ಉಳಿಕೆ ಪರವಾನಗಿಯನ್ನು ಮುಂದಿನ ಅವಧಿಗೆ ಒಯ್ಯುವುದು ಅಷ್ಟೆ. ಯುರೋಪಿನ ಮೊದಲ ಅವಧಿಯಲ್ಲಿ, 2005–07ರಲ್ಲಿ, ಬೇಕಾದ್ದಕ್ಕಿಂತ ಹೆಚ್ಚು ಪರವಾನಗಿ ಹಂಚಿಬಿಟ್ಟಿದ್ದರು, ಮುಂದಕ್ಕೆ ಒಯ್ಯಲು ಬಿಡಲಿಲ್ಲ. 2007ರ ಕೊನೆಗೆ ಬೆಲೆ ಹತ್ತಿರಹತ್ತಿರ ಸೊನ್ನೆಗಿಳಿಯಿತು.

‘ಇಂಗಾಲ ಸಾಲ’ವಂತೂ ಅರ್ಥವನ್ನೇ ತಿರುವುಮುರುವು ಮಾಡುತ್ತದೆ. ಇಲ್ಲಿನ ಕ್ರೆಡಿಟ್ ಜಮಾ–ಖರ್ಚಿನ ಜಮಾ. ‘ಇಂಗಾಲ ಜಮೆ’ ನನಗೆ ಒಪ್ಪಿಗೆ. ಪತ್ರಿಕೆಯವರು ‘ಕಾರ್ಬನ್ ಕ್ರೆಡಿಟ್’ ಅಂತಲೇ ಬರೆಯುತ್ತಾರೆ, ಅದಕ್ಕೂ ತಕರಾರಿಲ್ಲ.

ಭಾರತದ ಅಧ್ಯಾಯದಲ್ಲಿ ಇನ್ನೊಂದು ಗುಂಡಿಯಿದೆ. 2023ರಲ್ಲಿ ಅಧಿಸೂಚನೆಯಾದ ನಮ್ಮ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯಲ್ಲಿ ಯುರೋಪಿನಂತೆ ಒಟ್ಟು ಹೊರಸೂಸುವಿಕೆಗೆ ‘ಮಿತಿ’ ಇಲ್ಲ, ಒಂದು ಟನ್ ಸರಕಿಗೆ ಇಷ್ಟು ಎಂಬ ಗುರಿ ಇದೆ. ಲೆಕ್ಕಕ್ಕೆಂದು ಒಂದು ಸಿಮೆಂಟ್ ಕಾರ್ಖಾನೆ ತೆಗೆದುಕೊಳ್ಳಿ: ಒಂದು ಟನ್ ಸಿಮೆಂಟಿಗೆ 0.60 ಟನ್ ಹೊರಸೂಸುವ ಗುರಿ, ಸಾಧಿಸಿದ್ದು 0.58, ತಯಾರಿಸಿದ್ದು 10 ಲಕ್ಷ ಟನ್. ವ್ಯತ್ಯಾಸ 0.02, ಉಳಿಸಿದ ಟನ್ನಿಗೊಂದರಂತೆ ಸಿಗುವ ಜಮಾಪತ್ರ (ಕ್ರೆಡಿಟ್ ಪತ್ರ) 20,000. ಮರುವರ್ಷ 0.57ಕ್ಕೆ ಇಳಿಸಿ 12 ಲಕ್ಷ ಟನ್ ತಯಾರಿಸಿದರೆ ಒಟ್ಟು ಹೊರಸೂಸುವಿಕೆ 5.80 ಲಕ್ಷದಿಂದ 6.84 ಲಕ್ಷ ಟನ್ನಿಗೆ ಏರುತ್ತದೆ. ಗುರಿ 0.60ರಲ್ಲೇ ಇದ್ದರೆ ಜಮಾಪತ್ರ ಆಗಲೂ ಸಿಗುತ್ತದೆ. ಇಲ್ಲಿನ ಗುರಿಯನ್ನು ‘ಮಿತಿ’ ಎಂದು ಅನುವಾದಿಸಿದರೆ ಸುಳ್ಳು ಬರೆದ ಹಾಗೆ.

ಇನ್ನು ಆಫ್‌ಸೆಟ್. ‘ಸರಿದೂಗಿಕೆ’ ಕೇಳಲು ಚೆಂದ, ಆದರೆ ತಕ್ಕಡಿ ಸಮವಾಯಿತು ಎಂದು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಜಗಳ ಇರುವುದೇ ಅದರ ಬಗ್ಗೆ. ಮನೆ ಖಾಲಿ ಮಾಡುವಾಗ ಬಾಕಿ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರಲ್ಲ, ಆ ‘ಮುರಿದುಕೊಳ್ಳು’ ನನ್ನ ಆಯ್ಕೆ. ಬೇರೆಯವರಿಂದ ಕೊಂಡ ಜಮೆಯನ್ನು ಕಂಪನಿ ತನ್ನ ಹೊಗೆಯ ಲೆಕ್ಕಕ್ಕೆ ಮುರಿದುಕೊಂಡಿತು. ಕಡತದಲ್ಲಿ ಏನಾಯಿತೋ ಅಷ್ಟನ್ನೇ ಈ ಮಾತು ಹೇಳುತ್ತದೆ. ನಾಮಪದಕ್ಕೆ ‘ಆಫ್‌ಸೆಟ್’ ಇರಲಿ, ‘ಮುರಿತ’ ಅಂದರೆ ಮೂಳೆ ಮುರಿದಂತಾಗುತ್ತದೆ. ಹೀಗೆ ಬಳಸಿದ ಜಮೆಯನ್ನು ‘ರಿಟೈರ್’ ಮಾಡುವುದೆಂದರೆ ಮತ್ತೆ ಮಾರಲಾಗದಂತೆ ನೋಂದಣಿಯಲ್ಲಿ ರದ್ದು ಮಾಡುವುದು, ‘ನಿವೃತ್ತಿ’ ಅಲ್ಲ.

ಸೋರಿಕೆಯ ವಿಷಯಕ್ಕೆ ಬಾಗೇಪಲ್ಲಿಯ ಗೋಬರ್ ಗ್ಯಾಸ್ ಯೋಜನೆಯನ್ನು ನೋಡಿ. ಹೊಗೆ ತಗ್ಗಿಸುವ ಯೋಜನೆಗಳಿಗೆ ಜಮೆ ಕೊಡುತ್ತಿದ್ದ ಕ್ಯೋಟೊ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ ಅಲ್ಲಿ ಮನೆಬಳಕೆಯ, ತಲಾ 2 ಘನ ಮೀಟರಿನ 5,500 ಘಟಕಗಳನ್ನು ಯೋಜಿಸಿದ್ದರು. ಇಂಥ ಒಂದು ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೆರೆಸಿದ ಬಗ್ಗಡ ಬೇಕು. ದನ ಮಾರಿದರೆ ಒಲೆ ಮತ್ತೆ ಸೌದೆಗೆ ಮರಳುತ್ತದೆ, ಜಮೆಯೂ ನಿಲ್ಲುತ್ತದೆ. ಇಂಥ ಯೋಜನೆಯ ವರದಿಯಲ್ಲಿ ಲೀಕೇಜ್ ಎರಡು ಕಡೆ ಬರುತ್ತದೆ. ಗುಮ್ಮಟ ಬಿರುಕುಬಿಟ್ಟು ಮೀಥೇನ್ ಹೊರಬಿದ್ದರೆ ಅದು ನಿಜವಾಗಿಯೂ ಸೋರಿಕೆ. ಈ ಮನೆ ಉಳಿಸಿದ ಸೌದೆಯನ್ನು ಗ್ಯಾಸ್ ಇಲ್ಲದ ಪಕ್ಕದ ಮನೆ ಹೆಚ್ಚಾಗಿ ಉರಿಸಿದರೆ ಅದೂ ಲೀಕೇಜ್, ಅದನ್ನೂ ಜಮೆಯಿಂದ ಕಳೆಯಬೇಕು. ಎರಡಕ್ಕೂ ‘ಸೋರಿಕೆ’ ಅಂದರೆ ಓದುವವರು ಎರಡನೆಯದಕ್ಕೂ ಪೈಪು ಹುಡುಕುತ್ತಾರೆ. ಎರಡನೆಯದಕ್ಕೆ ‘ಹೊರಗೆ ಜರುಗಿದ ಹೊರಸೂಸುವಿಕೆ’ ಅನ್ನಿ. ಉದ್ದವಾಯಿತು, ಆದರೆ ಕಾಡಿನ ಅಧ್ಯಾಯಕ್ಕೂ ಹೊಂದುತ್ತದೆ: ಈ ಕಾಡು ಉಳಿಯಿತು, ಕೊಡಲಿ ಆಚೆ ಕಾಡಿಗೆ ಜರುಗಿತು.

‘ಅಡಿಷನಾಲಿಟಿ’ಗೆ ‘ಹೆಚ್ಚುವರಿತನ’ ನಡೆಯುತ್ತದೆ, ಮೊದಲ ಸಲ ಬಂದಾಗ ಮಾತ್ರ ಬಿಡಿಸಿ ಹೇಳಿ: ಜಮೆಯ ದುಡ್ಡು ಬರದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ ಎಂದು ತೋರಿಸಬೇಕು. ಹೇಗೂ ಕಟ್ಟಲಿದ್ದ ಗಾಳಿಯಂತ್ರಕ್ಕೆ ಕೊಟ್ಟ ಜಮೆ ಪೊಳ್ಳು.

ನೀವು ಕೇಳದ ಒಂದು ಮಾತು. ಕರಡಿನಲ್ಲಿ ‘ಒಂದು ಟನ್ ಇಂಗಾಲ’ ಎಂದಿದ್ದಲ್ಲೆಲ್ಲ ಮೂಲ ತೆರೆದು ನೋಡಿ. ‘ಇಂಗಾಲ ಮಾರುಕಟ್ಟೆ’ ಹೆಸರಾಗಿ ಸರಿ, ಆದರೆ ತೂಕ ಇರುವುದು ಇಂಗಾಲದ ಡೈಆಕ್ಸೈಡಿನ ಸಮಾನದಲ್ಲಿ. 12 ಕಿಲೋ ಇಂಗಾಲ ಉರಿದರೆ 44 ಕಿಲೋ ಡೈಆಕ್ಸೈಡ್, ಅಂದರೆ ಆ ಒಂದು ಪದ ಬಿಟ್ಟರೆ ಲೆಕ್ಕ 3.67 ಪಟ್ಟು ತಪ್ಪುತ್ತದೆ.