ಮೈಲುತುತ್ತ, ಎಣ್ಣೆ ಬಿದ್ದ ಮಣ್ಣನ್ನು ಅಣಬೆ ಶುದ್ಧಗೊಳಿಸಬಲ್ಲದೇ?

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ)

ನಮ್ಮ ತೋಟದ ಅಂಚಿನಲ್ಲಿ, ಬಾವಿಗೆ ಸಮೀಪದಲ್ಲಿಯೇ, ತಂದೆಯವರ ಕಾಲದಿಂದಲೂ ಕೊಳೆರೋಗದ ಔಷಧಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕದಡುತ್ತ ಬಂದಿದ್ದೇವೆ. ಸ್ಪ್ರೇಯರ್ ಎಂಜಿನ್ನಿನ ಹಳೆಯ ಆಯಿಲ್ ಕೂಡ ಅಲ್ಲಿಯೇ ಚೆಲ್ಲಿದೆ. ಈಗ ಆ ಜಾಗದಲ್ಲಿ ಹುಲ್ಲು ಸಹ ಏಳುವುದಿಲ್ಲ. ಅಣಬೆ ಬೆಳೆಸಿದರೆ ಮಣ್ಣಿನ ವಿಷ ಹೋಗುತ್ತದೆಂದು ಓದಿದೆ. ಇದು ನಿಜವೇ? ಆ ಅಣಬೆಯನ್ನು ತಿನ್ನಬಹುದೇ?

ಉತ್ತರ 1 (ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕಿ, ಶಿವಮೊಗ್ಗ)

ತಮ್ಮ ಜಾಗದಲ್ಲಿರುವುದು ಎರಡು ಬೇರೆ ಬೇರೆ ಮಾಲಿನ್ಯಗಳು: ಎಣ್ಣೆ ಮತ್ತು ಮೈಲುತುತ್ತದಲ್ಲಿನ ತಾಮ್ರ. ಮೊದಲು ಎಣ್ಣೆಯ ವಿಚಾರ. ಸತ್ತ ಮರವನ್ನು ಬೆಳ್ಳಗೆ, ಮೆತ್ತಗೆ ಮಾಡುವ ಶಿಲೀಂಧ್ರಗಳು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಲು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳನ್ನು ಹೊರಕ್ಕೆ ಸ್ರವಿಸುತ್ತವೆ. ಈ ಕಿಣ್ವಗಳು ಲಿಗ್ನಿನ್ನಿಗೆ ಮಾತ್ರ ಸೀಮಿತವಾಗಿರದೆ ಎಣ್ಣೆಯಲ್ಲಿನ ಹಲವು ಕಾರ್ಬನ್ ಸಂಯುಕ್ತಗಳನ್ನೂ ಒಡೆಯಬಲ್ಲವು. ಇಂತಹ ಒಂದು ಶಿಲೀಂಧ್ರ, ಫನೆರೊಕೀಟೆ ಕ್ರೈಸೊಸ್ಪೋರಿಯಂ, ಡಿಡಿಟಿ ಮತ್ತು ಲಿಂಡೇನ್ ಎಂಬ ಕೀಟನಾಶಕಗಳನ್ನು ಸಹ ವಿಘಟಿಸುತ್ತದೆಂದು ಅಮೆರಿಕದ ಸಂಶೋಧಕರು 1985ರಲ್ಲಿ ಪ್ರಕಟಿಸಿದರು. ನಾವು ತಿನ್ನುವ ಚಿಪ್ಪಣಬೆಯೂ ಮರವನ್ನು ಹೀಗೆಯೇ ಕೊಳೆಯಿಸುವಂತಹುದು.

ಮೈಲುತುತ್ತದ ತಾಮ್ರ ಮೂಲಧಾತುವಾದ್ದರಿಂದ ಅದನ್ನು ಯಾವ ಜೀವಿಯೂ ಒಡೆಯಲಾರದು. ಕೆಲವು ಶಿಲೀಂಧ್ರಗಳು ಆಕ್ಸಾಲಿಕ್ ಆಮ್ಲ ಸ್ರವಿಸಿ ಅದನ್ನು ಸುಲಭವಾಗಿ ಕರಗದ ಆಕ್ಸಲೇಟ್ ಆಗಿಸುತ್ತವೆ, ಆದರೆ ಆಗಲೂ ತಾಮ್ರ ಮಣ್ಣಿನಲ್ಲಿಯೇ ಇರುತ್ತದೆ. ಮೇಲಾಗಿ ನಾವು ಮೈಲುತುತ್ತ ಬಳಸುವುದೇ ಶಿಲೀಂಧ್ರ ಮತ್ತು ಅದರಂತಹ ರೋಗಾಣುಗಳನ್ನು ತಡೆಯಲು; ತಾಮ್ರ ಹೆಚ್ಚಿರುವೆಡೆ ಅಣಬೆಯ ಎಳೆಗಳು ಹಬ್ಬುವುದೇ ಕಷ್ಟ. ಅಣಬೆಗಳು ಲೋಹವನ್ನು ತಮ್ಮೊಳಗೆ ಶೇಖರಿಸಿಕೊಳ್ಳುವುದರಿಂದ ಅಲ್ಲಿ ಬೆಳೆದದ್ದನ್ನು ದಯವಿಟ್ಟು ತಿನ್ನಬೇಡಿ, ದನಕ್ಕೂ ಹಾಕಬೇಡಿ.

ನನಗೆ ಹೆಚ್ಚು ಆತಂಕವಾಗಿರುವುದು ಬಾವಿಯ ಬಗ್ಗೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಮೊದಲು ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿ.

ಉತ್ತರ 2 (ಚಿಪ್ಪಣಬೆ ಬೆಳೆಗಾರ, ಸಾಗರ)

ನಮ್ಮ ಶೆಡ್ಡಿನ ಹಿಂದೆ ಡೀಸೆಲ್ ಚೆಲ್ಲಿದ್ದ ಮಣ್ಣಿಗೆ, ಅಣಬೆ ಕೊಯ್ಲು ಮುಗಿದ ಚೀಲಗಳ ಹುಲ್ಲನ್ನು ಬೆರೆಸಿ, ತೇವ ಆರದಂತೆ ಸೋಗೆ ಮುಚ್ಚಿ, ಆಗಾಗ ಮಗುಚುತ್ತಿದ್ದೆ. ಐದು ತಿಂಗಳಲ್ಲಿ ವಾಸನೆ ಹೋಗಿ ಗರಿಕೆ ಚಿಗುರಿತು. ಪರೀಕ್ಷೆ ಮಾಡಿಸದ ಕಾರಣ ಮಣ್ಣು ಪೂರ್ತಿ ಶುದ್ಧವಾಯಿತೆಂದು ಹೇಳಲಾರೆ. ಈ ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಆರಂಭಿಸಿ, ಏಕೆಂದರೆ ಆರಿದ್ರೆ ಮಳೆ ಹಿಡಿದರೆ ಎಣ್ಣೆಯೆಲ್ಲ ಹಳ್ಳ ಸೇರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಬಾವಿಯ ನೀರನ್ನು ಈ ವಾರವೇ ಪರೀಕ್ಷೆಗೆ ಕೊಡುತ್ತೇನೆ. ಫಲಿತಾಂಶ ಬರುವವರೆಗೆ ಮನೆಯವರೆಲ್ಲರಿಗೂ ಮೇಲಿನ ಅಬ್ಬಿಯ ನೀರನ್ನೇ ತರುತ್ತೇವೆ. ಔಷಧಿ ಕದಡುವ ಡ್ರಮ್ಮನ್ನು ಬಾವಿಯಿಂದ ದೂರದ ಸಿಮೆಂಟ್ ಕಟ್ಟೆಗೆ ಸಾಗಿಸಿದ್ದೇನೆ.