ಏಳು ಜನ, ಐದು ಊರು, ನಡುವೆ ಮಳೆಗಾಲ: ಪ್ರಾಜೆಕ್ಟ್ ಕೆಲಸ ಆನ್‌ಲೈನ್‌ನಲ್ಲಿ ಹಂಚಿಕೊಳ್ಳೋದು ಹೇಗೆ?

ಪ್ರಶ್ನೆ: ಪೊನ್ನಂಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ಬೆಳೆಗಾರರ ಗುಂಪಿಗೆ ಒಂದು ವೆಬ್‌ಸೈಟ್, ಜೊತೆಗೆ 40 ಪುಟದ ಕನ್ನಡ ಕೈಪಿಡಿ ಮಾಡ್ತಿದ್ದೇವೆ. ಬರೆಯುವವರು ನಾಲ್ಕು ಜನ ಪೊನ್ನಂಪೇಟೆ, ಸೋಮವಾರಪೇಟೆಯಲ್ಲಿ. ಡಿಸೈನರ್ ಮಂಗಳೂರು, ವೆಬ್ ಕೆಲಸದವರು ಬೆಂಗಳೂರು, ಲೆಕ್ಕ ನೋಡುವವರು ದುಬೈ. ಎಲ್ಲವೂ ವಾಟ್ಸಾಪ್‌ನಲ್ಲೇ ನಡೀತಿದೆ. ಮೂರನೇ ಅಧ್ಯಾಯಕ್ಕೆ ‘ಫೈನಲ್’, ‘ಫೈನಲ್ ಹೊಸದು’, ‘ಇದೇ ನೋಡಿ’ ಅಂತ ಮೂರು ಫೈಲ್ ಓಡಾಡ್ತಿವೆ. ಮಳೆ ಜೋರಾದರೆ ಕರೆಂಟ್ ಹೋಗುತ್ತೆ, ವಿಡಿಯೊ ಮೀಟಿಂಗ್ ಅರ್ಧಕ್ಕೇ ನಿಲ್ಲುತ್ತೆ. ಸ್ಲ್ಯಾಕ್, ಟ್ರೆಲ್ಲೊ, ಟೀಮ್ಸ್ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ದುಡ್ಡಿಲ್ಲದೆ ಆಗುವಂಥದ್ದು ಯಾವುದು?

ಉತ್ತರ: ಪ್ರಾಜೆಕ್ಟ್ ಮ್ಯಾನೇಜರ್, ಕುಶಾಲನಗರ

ಏಳು ಜನಕ್ಕೆ ಮೂರು ಆ್ಯಪ್ ಹಾಕಿದರೆ ಯಾವುದರಲ್ಲಿ ಏನು ಹೇಳಿದ್ದೇವೆ ಅಂತ ಹುಡುಕೋದೇ ಇನ್ನೊಂದು ಕೆಲಸ ಆಗುತ್ತೆ. ನಿಮ್ಮಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಆನ್‌ಲೈನ್ ಇರ್ತಾರೆ ಅನ್ನೋ ಭರವಸೆ ಇಲ್ಲ. ಒಬ್ಬರು ಇಲ್ಲದಾಗಲೂ ಇನ್ನೊಬ್ಬರ ಕೆಲಸ ಸಾಗುವ ಏರ್ಪಾಡು ಬೇಕು. ಗೂಗಲ್ ಡ್ರೈವ್ ಒಂದು, ಅದರೊಳಗೆ ಕೆಲಸದ ಶೀಟ್ ಒಂದು, ಮಾತಿಗೆ ಈಗಿರುವ ವಾಟ್ಸಾಪ್ ಗುಂಪು. ಇಷ್ಟು ಸಾಕು.

ಮೊದಲು ಪ್ರಾಜೆಕ್ಟಿಗೇ ಅಂತ ಒಂದು ಜಿಮೇಲ್ ಖಾತೆ ತೆರೆಯಿರಿ. ಪಾಸ್‌ವರ್ಡ್ ಇಬ್ಬರ ಹತ್ತಿರ ಮಾತ್ರ ಇರಲಿ, ಎರಡು ಹಂತದ ಲಾಗಿನ್ ಹಾಕಿ. ಉಚಿತವಾಗಿ ಸಿಗೋದು 15 ಜಿಬಿ. ಮೇಲ್, ಫೋಟೋಸ್ ಎಲ್ಲ ಅದರೊಳಗೇ. ಮುಖ್ಯ ಫೋಲ್ಡರ್ ಈ ಖಾತೆಯಲ್ಲಿ ಮಾಡಿ, ಉಳಿದವರಿಗೆ ಅವರವರ ಮೇಲ್ ಐಡಿಗೆ ‘ವ್ಯೂವರ್’ (ನೋಡುವ ಹಕ್ಕು) ಕೊಡಿ; ಅವರು ಬರೆಯಬೇಕಾದ ಫೈಲ್, ಒಳ ಫೋಲ್ಡರ್‌ಗೆ ಮಾತ್ರ ‘ಎಡಿಟರ್’ (ತಿದ್ದುವ ಹಕ್ಕು). ‘ಲಿಂಕ್ ಇರುವ ಯಾರಾದರೂ’ ಅನ್ನೋದನ್ನು ಒತ್ತಬೇಡಿ. ವಾಟ್ಸಾಪ್‌ನಲ್ಲಿ ಆ ಲಿಂಕ್ ಎಲ್ಲಿಗೆ ಹೋಗುತ್ತೋ ಗೊತ್ತಾಗಲ್ಲ.

ಇಲ್ಲಿ ಬಹಳ ಜನ ಎಡವೋದು ಮಾಲೀಕತ್ವದಲ್ಲಿ. ಹಂಚಿಕೊಂಡ ಫೋಲ್ಡರಿಗೆ ನೀವು ಹಾಕಿದ ಫೈಲ್ ನಿಮ್ಮದೇ, ಜಾಗ ತಿನ್ನೋದೂ ನಿಮ್ಮ ಖಾತೆಯದ್ದೇ. ನಾಳೆ ನೀವು ಖಾತೆ ಅಳಿಸಿದರೆ ಫೈಲೂ ಹೋಯ್ತು. ಅದಕ್ಕೇ ಎಲ್ಲ ಅಧ್ಯಾಯಗಳ ಖಾಲಿ ಗೂಗಲ್ ಡಾಕ್ಸ್ ಫೈಲ್‌ಗಳನ್ನು ಪ್ರಾಜೆಕ್ಟ್ ಖಾತೆಯಿಂದಲೇ ತೆರೆದಿಡಿ. ಬರೆಯುವವರು ಅದರೊಳಗೆ ಬರೆಯಲಿ, ಹೊಸ ಫೈಲ್ ಹುಟ್ಟಿಸೋದು ಬೇಡ.

‘ಫೈನಲ್’ ಕಾಟಕ್ಕೆ ಮದ್ದು ವರ್ಷನ್ ಹಿಸ್ಟರಿ. ಫೈಲ್ ಮೆನುವಿನಲ್ಲಿ ಈಗಿನ ಪ್ರತಿಗೆ ‘ಮೊದಲ ಓದು ಮುಗಿದದ್ದು’ ಅಂತ ಹೆಸರಿಡಬಹುದು; ಬೇಕೆಂದಾಗ ಅಲ್ಲಿಗೆ ವಾಪಸ್ ಹೋಗಬಹುದು. ಪಿಡಿಎಫ್, ಫೋಟೋಶಾಪ್ ಫೈಲ್ ಆದರೆ ಹೊಸದನ್ನು ಬೇರೆಯಾಗಿ ಹಾಕದೆ, ಹಳೆಯದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯಾನೇಜ್ ವರ್ಷನ್ಸ್’ ಮೂಲಕ ಹಾಕಿ. ಲಿಂಕ್ ಬದಲಾಗಲ್ಲ. ಆದರೆ ಹಳೇ ಪ್ರತಿ 30 ದಿನ ಅಥವಾ 100 ಪ್ರತಿ ದಾಟಿದರೆ ಅಳಿಸಿಹೋಗಬಹುದು. ಬೇಕಾದ್ದಕ್ಕೆ ‘ಕೀಪ್ ಫಾರೆವರ್’ ಒತ್ತಿ.

ಕೆಲಸದ ಶೀಟಿಗೆ ಐದೇ ಕಾಲಂ: ಕೆಲಸ, ಯಾರದು, ಯಾವತ್ತಿಗೆ, ಸ್ಥಿತಿ, ಫೈಲಿನ ಲಿಂಕ್. ‘ಯಾರದು’ ಅನ್ನೋದರಲ್ಲಿ ಒಂದೇ ಹೆಸರು ಇರಲಿ. ಇಬ್ಬರ ಹೆಸರಿದ್ದರೆ ಅದು ಯಾರ ಕೆಲಸವೂ ಅಲ್ಲ. ಸ್ಥಿತಿಗೆ ಡ್ರಾಪ್‌ಡೌನ್ ಮಾಡಿ. ಕೈಯಲ್ಲಿ ಟೈಪ್ ಮಾಡಿದರೆ ‘ಆಯ್ತು’, ‘ಆಗಿದೆ’, ‘ಮುಗೀತು’ ಅಂತ ಮೂರು ಥರ ಬರುತ್ತೆ, ಫಿಲ್ಟರ್ ಹಿಡಿಯಲ್ಲ. ಇನ್ನೊಂದು, ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ‘ಇಂಡಿಯಾ’ ಇದೆಯಾ ನೋಡಿ. ಅಮೆರಿಕ ಅಂತಿದ್ದರೆ 5/7 ಅನ್ನೋದು ಜುಲೈ 5 ಆಗಲ್ಲ, ಮೇ 7 ಆಗುತ್ತೆ.

ಮರುಪ್ರಶ್ನೆ: ಪೊನ್ನಂಪೇಟೆಯಿಂದ

ತುಂಬ ಉಪಕಾರ ಸರ್. ಆದರೆ ನೆಟ್ಟೇ ಇಲ್ಲದಾಗ ಡಾಕ್ಸ್‌ನಲ್ಲಿ ಬರೆಯೋದು ಹೇಗೆ? ಇಬ್ಬರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ, ಡಾಕ್ಸ್‌ಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತೆ.

ಉತ್ತರ: ಪ್ರಾಜೆಕ್ಟ್ ಮ್ಯಾನೇಜರ್, ಕುಶಾಲನಗರ

ನೆಟ್ ಇರುವಾಗಲೇ ತಯಾರಿ ಆಗಿರಬೇಕು. ಕ್ರೋಮ್ ಅಥವಾ ಎಡ್ಜ್‌ನಲ್ಲಿ ‘ಗೂಗಲ್ ಡಾಕ್ಸ್ ಆಫ್‌ಲೈನ್’ ಎಕ್ಸ್‌ಟೆನ್ಶನ್ ಹಾಕಿ, ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆನ್ ಮಾಡಿ, ಬೇಕಾದ ಫೈಲ್‌ಗೆ ರೈಟ್ ಕ್ಲಿಕ್ ಮಾಡಿ ಆಫ್‌ಲೈನ್ ಲಭ್ಯ ಅಂತ ಗುರುತು ಹಾಕಿ. ಎರಡು ಎಚ್ಚರಿಕೆ. ಬರೆದದ್ದು ನೆಟ್ ಬಂದು ಸಿಂಕ್ ಆಗುವ ಮೊದಲು ಬ್ರೌಸರ್ ಹಿಸ್ಟರಿ, ಕುಕೀಸ್ ಎಲ್ಲ ಒರೆಸಿದರೆ ಬರೆದದ್ದೂ ಹೋಗುತ್ತೆ. ಇಬ್ಬರು ಆಫ್‌ಲೈನ್‌ನಲ್ಲಿ ಒಂದೇ ಪ್ಯಾರಾ ತಿದ್ದಿದರೆ ಎರಡೂ ಸೇರಿ ವಾಕ್ಯ ಕಲಸಿಹೋಗಬಹುದು. ಹಾಗಾಗಿ ಒಂದು ಅಧ್ಯಾಯಕ್ಕೆ ಒಬ್ಬರೇ ಬರಹಗಾರರು, ಉಳಿದವರಿಗೆ ‘ಕಮೆಂಟರ್’ ಹಕ್ಕು.

‘ನುಡಿ’ಯಲ್ಲಿ ಟೈಪ್ ಮಾಡಿದವರದ್ದು ಹಳೇ ಫಾಂಟಿನ ಅಕ್ಷರ, ಯುನಿಕೋಡ್ (ಯಾವ ಕಂಪ್ಯೂಟರ್, ಫೋನಿನಲ್ಲೂ ಕನ್ನಡವಾಗೇ ಕಾಣುವ ಅಕ್ಷರ ವ್ಯವಸ್ಥೆ) ಅಲ್ಲ. ಆ ಫಾಂಟ್ ಇಲ್ಲದ ಕಡೆ ಅದು ಹಾಗೇ ಕಾಣೋದು. ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ತಂದು ಆಮೇಲೆ ಡಾಕ್ಸ್‌ಗೆ ಅಂಟಿಸಿ. ನಡುವೆ ಇಂಗ್ಲಿಷ್ ಪದ ಇದ್ದರೆ ಕನ್ವರ್ಟರ್ ಅದನ್ನೂ ಕನ್ನಡ ಅಂದುಕೊಂಡು ಗಲೀಜು ಮಾಡುತ್ತೆ. ಔಷಧಿ, ಗೊಬ್ಬರದ ಹೆಸರುಗಳನ್ನು ಮೂಲದ ಜೊತೆ ಇಟ್ಟು ಓದಿ. ಅರ್ಕಾವತ್ತು ಇರುವ ಪದಗಳನ್ನೂ ಒಮ್ಮೆ ನೋಡಿ. ಇನ್ನು ಮುಂದಕ್ಕೆ ಎಲ್ಲರೂ ಯುನಿಕೋಡ್‌ನಲ್ಲೇ ಟೈಪ್ ಮಾಡಲಿ, ಇದರಲ್ಲಿ ಮುಲಾಜು ಬೇಡ.

ಉತ್ತರ: ನೆಟ್‌ವರ್ಕ್ ಕೆಲಸದವರು, ಮಡಿಕೇರಿ

ಮೀಟಿಂಗ್ ವಿಷಯಕ್ಕೆ ನಾನು ಸೇರಿಸ್ತೇನೆ. ಫೈಬರ್ ಇರುವ ಮನೆಯಲ್ಲಿ ರೌಟರ್‌ಗೆ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ ಓದಿ. ಹೆಚ್ಚಿನವು 12 ವೋಲ್ಟ್, ಕೆಲವು 9 ವೋಲ್ಟ್; ತಪ್ಪಿದರೆ ರೌಟರ್ ಸುಡಬಹುದು. ಡಬ್ಬದ ಮೇಲಿನ 8000 ಎಂಎಎಚ್ ಲೆಕ್ಕ ಸಾಮಾನ್ಯವಾಗಿ 3.7 ವೋಲ್ಟ್ ಸೆಲ್‌ನದ್ದು. ಅಂದರೆ ಸುಮಾರು 30 ವ್ಯಾಟ್-ಅವರ್. 8 ವ್ಯಾಟ್ ತಿನ್ನುವ ರೌಟರ್‌ಗೆ ನಷ್ಟ ಕಳೆದು ಮೂರು ಗಂಟೆ ಬಂದೀತು. ಅದನ್ನೇ 12ರಿಂದ ಗುಣಿಸಿ ಇಡೀ ದಿನ ಬರುತ್ತೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ.

ಮರ ಬಿದ್ದು ಫೈಬರೇ ತುಂಡಾದರೆ ಯುಪಿಎಸ್ ಇದ್ದೂ ಪ್ರಯೋಜನ ಇಲ್ಲ. ಬೇರೆ ಕಂಪನಿಯ ಸಿಮ್ ಒಂದು ಫೋನಿನಲ್ಲಿ ಇರಲಿ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ಗೆ ಇಡಿ, ಹಳೇ ಮನೆಯ ದಪ್ಪ ಗೋಡೆಯನ್ನು 5ಕ್ಕಿಂತ ಅದು ಚೆನ್ನಾಗಿ ದಾಟುತ್ತೆ. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಮಾಡದಿದ್ದರೆ ಅಪ್‌ಡೇಟ್‌ಗಳೇ ಡೇಟಾ ನುಂಗಿಬಿಡ್ತವೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ರೌಟರ್ ಪ್ಲಗ್ ಕಿತ್ತಿಡಿ. ಫೈಬರ್ ಗಾಜೇ ಇರಬಹುದು, ಮಿಂಚು ಬರೋದು ಕರೆಂಟ್ ತಂತಿಯಿಂದ.

ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ. ದನಿ ಮಾತ್ರ ಆದರೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು, ಗಂಟೆಗೆ 27ರಿಂದ 36 ಎಂಬಿ. ಗೂಗಲ್ ಮೀಟ್ ಉಚಿತದಲ್ಲಿ ಮೂರು ಅಥವಾ ಹೆಚ್ಚು ಜನಕ್ಕೆ 60 ನಿಮಿಷ, ಜೂಮ್‌ನಲ್ಲಿ 40. ಇಲ್ಲಿಯ ಸಂಜೆ ಏಳೂವರೆ ಅಂದರೆ ದುಬೈಯಲ್ಲಿ ಆರು ಗಂಟೆ, ಎಲ್ಲರಿಗೂ ಆಗುವ ಹೊತ್ತು.

ಉತ್ತರ: ಪ್ರಾಜೆಕ್ಟ್ ಮ್ಯಾನೇಜರ್, ಕುಶಾಲನಗರ

ಮೀಟಿಂಗ್ ವಾರಕ್ಕೊಂದು ಸಾಕು, ಅದೂ ತೀರ್ಮಾನ ಆಗಬೇಕಾದ್ದಕ್ಕೆ ಮಾತ್ರ. ಏನಾಯ್ತು, ಏನು ಬಾಕಿ ಅನ್ನೋದನ್ನು ಪ್ರತಿಯೊಬ್ಬರೂ ಹಿಂದಿನ ದಿನವೇ ಶೀಟಿನಲ್ಲಿ ಬರೆದಿರಲಿ. ವಾಟ್ಸಾಪ್‌ನಲ್ಲಿ ಆದ ತೀರ್ಮಾನವನ್ನೂ ಆವತ್ತೇ ಶೀಟಿಗೆ ಏರಿಸಿ. ಕಾಫಿ ಕೊಯ್ಲು, ಹುತ್ತರಿ ಹಬ್ಬದ ಹೊತ್ತಿಗೆ ಬರಹಗಾರರಿಂದ ಏನೂ ಬರಲ್ಲ. ಗಡುವು ಇಡುವಾಗಲೇ ಆ ವಾರಗಳನ್ನು ಹೊರಗಿಡಿ. ಸ್ಲ್ಯಾಕ್ ಉಚಿತದಲ್ಲಿ 90 ದಿನಕ್ಕಿಂತ ಹಳೇ ಮಾತು ಕಾಣಲ್ಲ, ನಿಮಗೆ ಬೇಡ. ಟ್ರೆಲ್ಲೊ ಒಳ್ಳೇದೇ, ಆದರೆ ನಿಮ್ಮಷ್ಟು ಜನಕ್ಕೆ ಶೀಟೇ ಸಲೀಸು.

ಉತ್ತರ: ಪುಟ ವಿನ್ಯಾಸದವರು, ವಿರಾಜಪೇಟೆ

ನಿಮ್ಮ ಡಿಸೈನರ್ ಪರವಾಗಿ ಎರಡು ಮಾತು. ತೋಟದ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಅದು ಕುಗ್ಗಿಸುತ್ತೆ. ಎ4 ಪುಟ ತುಂಬಲು 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 2480 × 3508 ಪಿಕ್ಸೆಲ್ ಬೇಕು. ಡ್ರೈವ್‌ಗೇ ಹಾಕಿ, ಆಗದಿದ್ದರೆ ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಬರಹ ಪುಟ ಕಟ್ಟುವ ಇನ್‌ಡಿಸೈನ್ ಸಾಫ್ಟ್‌ವೇರ್‌ಗೆ ಹೋದ ದಿನವೇ ಆ ಡಾಕ್ಸ್ ಫೈಲ್‌ನಲ್ಲಿ ಎಲ್ಲರನ್ನೂ ‘ವ್ಯೂವರ್’ ಮಾಡಿ. ಅದಾದ ಮೇಲೆ ಡಾಕ್ಸ್‌ನಲ್ಲಿ ತಿದ್ದಿದ್ದು ಪುಟಕ್ಕೆ ತಾನಾಗಿ ಬರಲ್ಲ. ತಿದ್ದುಪಡಿ ಎಲ್ಲ ಡ್ರೈವ್‌ನಲ್ಲಿರುವ ಪಿಡಿಎಫ್ ಮೇಲೆ ಕಮೆಂಟ್ ಆಗಿ ಬರಲಿ. ಪುಟದಲ್ಲಿ ಒತ್ತಕ್ಷರ ಒಡೆದು ಕಂಡರೆ ಬರಹದ ತಪ್ಪು ಅಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸೋಕೆ ಹೇಳಿ, ಸರಿಹೋಗುತ್ತೆ.